ಕೂಡಿದ ದಾರಗಳು

ನಂಬದೆ ಇರಿ ನೋಡೋಣ: ಸರ್ ಅವರ ಬಲಗೈ ತೋರುಬೆರಳಿನ ತುದಿ ಬಳಪದ ಹಾಗೆ ನುಣ್ಣಗೆ ಸವೆದಿತ್ತು. ಗೋಡೆಯ ಮೇಲಿನ ಎರಡು ದಾರಗಳನ್ನು ಸವರಿ ಸವರಿ ಹಾಗಾಗಿತ್ತು.

ರಾಣೇಬೆನ್ನೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ನಡುವೆ ಒಂದೇ ಗೋಡೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಸರ್ ಆ ಗೋಡೆಗೆ ವರ್ಷಕ್ಕೆ ಎರಡು ಮೊಳೆ ಹೊಡೆದು ದಾರ ಸುತ್ತುತ್ತಿದ್ದರು. ಹಸಿರು ದಾರ ನಮ್ಮ ದೇಶದ್ದು, ಕೆಂಪು ದಾರ ದಕ್ಷಿಣ ಕೊರಿಯಾದ್ದು. ದೇಶ ತನ್ನ ಗಳಿಕೆಯಲ್ಲಿ ಎಷ್ಟು ಪಾಲನ್ನು ರಸ್ತೆ, ಕಾಲುವೆ, ಕಾರ್ಖಾನೆಗಳಿಗೆ ಹಾಕಿತೋ ಅಷ್ಟು ಎತ್ತರಕ್ಕೆ ಮೊಳೆ.

"ಬೀಜದ ವ್ಯಾಪಾರದ ಊರಾಗ ಇದ್ದು ಇಷ್ಟು ತಿಳೀಲಿಲ್ಲಂದ್ರ ಹ್ಯಾಂಗ್ರಿ ಮಾಸ್ತರ? ತಿಂದದ್ದು ಹೊಟ್ಟಿಗೆ, ಬಿತ್ತಿದ್ದು ಮುಂದಿನ ವರ್ಷಕ್ಕ," ಎನ್ನುತ್ತಿದ್ದರು.

ಹಳೆಯ ವರ್ಷಗಳಲ್ಲಿ ಕೆಂಪು ದಾರವೇ ಕೆಳಗಿತ್ತು. ಆಮೇಲೆ ನಮ್ಮದನ್ನು ದಾಟಿ ಮೇಲೇರಿ ಹೋಗಿತ್ತು. ಕಣ್ಣು ಮುಚ್ಚುವುದರೊಳಗೆ ಎರಡೂ ಮತ್ತೆ ಕೂಡಬೇಕು ಎಂಬುದೊಂದೇ ಅವರ ಹಂಬಲ.

ತೊಂಬತ್ತರ ದಶಕದಲ್ಲಿ ಅವರ ಕಣ್ಣಿಗೆ ಪೊರೆ ಬಂತು. ವರ್ಷವರ್ಷದ ಅಂಕಿಗಳ ಪುಸ್ತಕ ಓದಿ ಹೇಳುವುದು, ಮೊಳೆ ಹೊಡೆಯುವುದು ನನ್ನ ಪಾಲಿಗಾಯಿತು. ನಾನೋ, ಬಣ್ಣ ಬಳಿದ ಮಣ್ಣಿನ ಮೆಣಸಿನಕಾಯಿಯನ್ನು ಬ್ಯಾಡಗಿಯ ದಲಾಲಿಯ ಮೂಗಿಗೆ ಹಿಡಿದು, ಮೂರು ಸಲ ಸೀನಿಸಿದ ಗಂಡು! ಒಂದು ವರ್ಷ ತಮಾಷೆಗೆ ನಮ್ಮ ದೇಶದ ಅಂಕಿಯನ್ನು ಸುಳ್ಳೇ ಏರಿಸಿ ಓದಿದೆ.

"ಇನ್ನೊಮ್ಮೆ ಓದ್ರಿ."

ಓದಿದೆ. ಅದೇ ಸುಳ್ಳು.

ಮೊಳೆ ಹೊಡೆದೆ. ಅವರು ಹಸಿರು ದಾರದ ಮೇಲೆ ಬೆರಳಾಡಿಸುತ್ತ ಹೋದರು. ಬೆರಳು ಕೆಂಪು ದಾರಕ್ಕೆ ತಾಗಿತು. "ಕೂಡ್ಯಾವಲ್ರೀ ಮಾಸ್ತರ!" ಎಂದು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಚಹಾ ಕುಡಿಯುತ್ತ ನಿಜ ಹೇಳಿ ನಗಿಸೋಣ ಎಂದಿದ್ದೆ. ಅವರು ನಿಂತ ರೀತಿ ನೋಡಿ ಚಹಾ ಕುಡಿಯದೆಯೇ ಮನೆಗೆ ಬಂದೆ.

ಮುಂದಿನ ಭಾನುವಾರ ಹಳೆಯ ವಿದ್ಯಾರ್ಥಿಗಳು ಅವರನ್ನು ಹಾವೇರಿಯ ಕಾಲೇಜಿಗೆ ಭಾಷಣಕ್ಕೆ ಕರೆದಿದ್ದರು. ನಾನೇ ಕೈ ಹಿಡಿದು ಕರೆದೊಯ್ದೆ. ದಾರಗಳು ಕೂಡಿದ ಸುದ್ದಿಯನ್ನು ಮದುವೆಯ ಸುದ್ದಿಯಂತೆ ಹೇಳಿದರು. ಆಗ, ಅಲ್ಲೇ ಪಾಠ ಹೇಳುತ್ತಿದ್ದ ಒಬ್ಬಾತ ಕಪಾಟಿನಿಂದ ಅದೇ ಪುಸ್ತಕ ತೆಗೆದು ನೋಡಿ ಎದ್ದ.

"ಸರ, ಇದರಾಗ ಹಂಗಿಲ್ರಿ. ಕೊರಿಯಾದ್ದು ಇನ್ನೂ ಭಾಳ ಮ್ಯಾಲ ಐತ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

"ತಪ್ಪು ನಂದ. ಕಣ್ಣು ಮೋಸ ಮಾಡಿದ್ವು," ಎಂದು ಕುಳಿತರು.

ಮರಳುವಾಗ ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ನನ್ನ ಮೊಣಕಾಲು ತಟ್ಟಿ, "ನಗಸಾಕ ಮಾಡೀರಿ, ಗೊತ್ತೈತಿ. ಬಿಡ್ರಿ ಮಾಸ್ತರ," ಎಂದರು.

ಆಮೇಲೆ ಅವರು ಮೊಳೆ ಹೊಡೆಸಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಮನೆ ಕೊಂಡವರು ಮೊಳೆ ಕಿತ್ತು, ತೂತು ಮುಚ್ಚಿ, ಸುಣ್ಣ ಬಳಿದರು. ಆದರೂ ಮಧ್ಯಾಹ್ನ ಓಣಿಯ ಸದ್ದಡಗಿದಾಗ ಆ ಗೋಡೆಯೊಳಗೆ ಬೆರಳು ಸವರುತ್ತ ಬರುವ ಸಪ್ಪಳ ನನಗೆ ಕೇಳುತ್ತದೆ. ಒಂದು ಕಡೆ ಬಂದು ನಿಲ್ಲುತ್ತದೆ. ಮತ್ತೆ ಮೊದಲಿನಿಂದ.

ಈ ಬರಹದಲ್ಲಿ ನಾನು ಹೊಸೆದ ಸುಳ್ಳು ಒಂದೇ ಒಂದು. ಆ ಸಪ್ಪಳ ಅಂದುಕೊಂಡಿರಾ? ಅಲ್ಲ. ಬಸ್ಸಿನಲ್ಲಿ ಅವರು "ಬಿಡ್ರಿ" ಅಂದರು ಎಂದೆನಲ್ಲ, ಅದು. ಊರು ಬರುವ ತನಕ ಅವರು ಒಂದು ಮಾತೂ ಆಡಲಿಲ್ಲ.