ಮೀನಿನ ಪ್ರದಕ್ಷಿಣೆ

ಶಿವಮೊಗ್ಗದ ಕೋಟೆಯಲ್ಲಿ ದೇವರ ದರ್ಶನ ಮುಗಿಸಿ ಬರುವ ದಾರಿಯಲ್ಲೇ ಆ ಸಾಹೇಬರ ಬಣ್ಣದ ಮೀನಿನ ಅಂಗಡಿಯಿತ್ತು. ದರ್ಜಿಯಂತೆ ಕೊರಳಲ್ಲಿ ಅಳತೆಯ ಟೇಪನ್ನು ಇಳಿಬಿಟ್ಟುಕೊಂಡು ಕುಳಿತಿರುತ್ತಿದ್ದರು. ಯಾರು ಯಾವ ಮೀನು ಕೇಳಿದರೂ ಅವರದು ಒಂದೇ ಮಾತು: "ಮೊದ್ಲು ತೊಟ್ಟಿ ಅಳತೆ ಹೇಳಿ, ಆಮೇಲೆ ಮೀನು ನೋಡಿ."

ವಿದ್ಯಾನಗರದ ನಮ್ಮ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿತ್ತು. ಅದಕ್ಕೆ ನೀಲಿ ಟ್ಯಾಂಗ್ ಮೀನು ತರುವೆನೆಂದು ಮೊಮ್ಮಗಳಿಗೆ ಮಾತು ಕೊಟ್ಟು, ಅವಳನ್ನೂ ಕರೆದುಕೊಂಡು ಹೋದೆ.

"ಉದ್ದ ಮೂರಡಿ. ಆದರೆ ಆಳ ಬೇಕಾದಷ್ಟಿದೆ," ಎಂದೆ.

ಸಾಹೇಬರು ಒಪ್ಪಲಿಲ್ಲ. "ಆಗಲ್ಲ ಸ್ವಾಮಿ. ಇದು ಸಮುದ್ರದಲ್ಲಿ ದಿನವೆಲ್ಲ ಈಜೋ ಮೀನು. ಆರಡಿಯಾದ್ರೂ ಉದ್ದ ಬೇಕು. ನೀವು ದೇವಸ್ಥಾನ ಸುತ್ತೋದು ಬಿಟ್ಟು ನಿಂತಲ್ಲೇ ತಿರುಗ್ತೀರಾ?"

"ಆತ್ಮಪ್ರದಕ್ಷಿಣೆಯೆಂದು ಅದಕ್ಕೂ ವಿಧಿಯುಂಟು," ಎಂದು ನಾನೂ ಬಿಟ್ಟುಕೊಡಲಿಲ್ಲ.

"ಅದು ನಿಮಗಾಯ್ತು. ಮೀನಿಗೆ ಮಂತ್ರ ಯಾರು ಹೇಳ್ಕೊಟ್ಟಿದ್ದಾರೆ ಸ್ವಾಮಿ?"

ನನಗೆ ನಗು ಬಂತು. ಆದರೆ ಮೊಮ್ಮಗಳ ಕಣ್ಣು ತುಂಬಿತ್ತು. ಅದನ್ನು ಕಂಡ ಸಾಹೇಬರು ಕೊರಳಿನ ಟೇಪನ್ನು ತೆಗೆದು ಅವಳ ಕೈಗಿತ್ತು, ಗೋಡೆಯುದ್ದಕ್ಕೂ ಇದ್ದ ತಮ್ಮ ದೊಡ್ಡ ತೊಟ್ಟಿಯನ್ನು ಅಳೆಯಹೇಳಿದರು. ಟೇಪು ಸಾಲದೆ ಅವಳು ಎರಡನೆಯ ಸಲ ಹಿಡಿಯಬೇಕಾಯಿತು.

"ನಿನ್ನ ಮೀನು ಇದ್ರಲ್ಲೇ ಇರ್ಲಿ ಬೇಟಾ. ಯಾರಿಗೂ ಮಾರಲ್ಲ. ತಾತನ ಜೊತೆ ಬಂದು ನೋಡು."

ಅಂದಿನಿಂದ ನಮ್ಮ ದರ್ಶನಕ್ಕೆ ಇನ್ನೊಂದು ಸನ್ನಿಧಿ ಸೇರಿತು. ದೇವಸ್ಥಾನದಿಂದ ನೇರವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆವು. ಸಾಹೇಬರು ಕೂತಲ್ಲಿಂದಲೇ ಕೇಳುತ್ತಿದ್ದರು: "ನಿಮ್ದು ಮೂರು ಸುತ್ತಿಗೇ ಮುಗೀತಾ ಸ್ವಾಮಿ? ಇದು ಬೆಳಗಿಂದ ನಿಂತೇ ಇಲ್ಲ."