ನಾನು ಕತ್ತರಿಸಿದ ಕೊನೆಯ ಪ್ಯಾರಾ

ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಆಮೇಲೆ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದವಳು ನಾನು. ಮೂಗಿನ ತುದಿಯ ಕೋಪವನ್ನೂ ಜೊತೆಗೇ ತಂದಿದ್ದೆ. ಪಕ್ಕದ ಕೋಣೆಯ ಪ್ರಾಧ್ಯಾಪಕರು ರಾಜಕೀಯ ಸಂವಹನ ಕಲಿಸುತ್ತಾರೆ; ಹಿಂದೆ ಮುಖಂಡರಿಗೆ ಭಾಷಣ ಬರೆದುಕೊಡುತ್ತಿದ್ದವರು. ನಾವಿಬ್ಬರೂ ಸೇರಿ ವಿದ್ಯಾರ್ಥಿಗಳಿಂದ ತಿಂಗಳಿಗೊಂದು ಅಭ್ಯಾಸ ಪತ್ರಿಕೆ ಮಾಡಿಸುತ್ತೇವೆ. ನಾಲ್ಕೇ ಪುಟ, ಆದರೆ ಸುತ್ತಲಿನ ಹಳ್ಳಿಗಳಿಗೂ ಹೋಗುತ್ತದೆ.

ಘಾಟಿ ಕಡೆಯ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಪಂಚಾಯಿತಿ ಅಧ್ಯಕ್ಷೆಯ ಬಗ್ಗೆ ವರದಿ ತಂದಳು. ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡನೇ ಕೂತು ಸಭೆ ನಡೆಸುತ್ತಾರೆ ಎಂದು ಕೆಲವು ಸದಸ್ಯರ ದೂರು. ಬರವಣಿಗೆ ಚೆನ್ನಾಗಿತ್ತು, ಎಂಟು ಸಾಲು ಮಾತ್ರ ಹೆಚ್ಚಾಯಿತು. ಸುದ್ದಿ ತಿದ್ದುವ ಡೆಸ್ಕಿನಲ್ಲಿ ಕೂತು ಹಳಬರಾದವರ ಕೈಗೊಂದು ಚಟವಿದೆ: ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುವುದು. ಮುಖ್ಯವಾದದ್ದೆಲ್ಲ ಮೇಲೆಯೇ ಇರುತ್ತದೆ ಎಂಬ ನಂಬಿಕೆ. ಓದದೆಯೇ ಕೊನೆಯ ಪ್ಯಾರಾ ತೆಗೆದುಹಾಕಿದೆ.

ಅಧ್ಯಕ್ಷೆಯ ಉತ್ತರ ಇದ್ದದ್ದು ಅಲ್ಲೇ. ಆಪರೇಷನ್ ಆಗಿ ಎರಡು ಸಭೆಗೆ ಹೋಗಲಾಗಲಿಲ್ಲ, ಅವನ್ನು ನಡೆಸಿದ್ದು ಉಪಾಧ್ಯಕ್ಷರು, ಬೇಕಾದರೆ ನಡಾವಳಿ ಪುಸ್ತಕ ನೋಡಿಕೊಳ್ಳಿ ಎಂದಿದ್ದರು. ಹುಡುಗಿ ಆ ಪುಸ್ತಕವನ್ನೂ ನೋಡಿ, ಅದು ನಿಜವೆಂದು ಬರೆದಿದ್ದಳು.

ಪತ್ರಿಕೆಯನ್ನು ಊರಿನ ಹಾಲಿನ ಡೈರಿ ಮುಂದೆ ಯಾರೋ ಗಟ್ಟಿಯಾಗಿ ಓದಿದರು. ಅಧ್ಯಕ್ಷೆ ನೇರ ಹುಡುಗಿಯ ಮನೆ ಬಾಗಿಲಿಗೆ ಬಂದು, "ನಾನ್ ಹೇಳಿದ್ದನ್ನೆಲ್ಲಾ ನುಂಗ್ಬಿಟ್ಯಲ್ಲೇ!" ಎಂದು ಅತ್ತರಂತೆ. ಹುಡುಗಿಯ ಅಪ್ಪ ನನಗೆ ಫೋನ್ ಮಾಡಿದರು.

"ಊರಲ್ಲಿ ತಲೆ ಎತ್ತಂಗಿಲ್ಲ ಮೇಡಂ. ಸುಳ್ಳು ಬರೆಯೋದು ಕಲಿಯಕ್ಕೆ ನನ್ ಮಗಳನ್ನ ಇನ್ ಕಳಿಸಲ್ಲ."

ಅವಳು ಬರೆದ ಮೂಲ ಪ್ರತಿ ತೆಗೆದು ಓದಿದೆ. ಥೂ ನನ್ನ ಅನುಭವಕ್ಕಿಷ್ಟು! ತಪ್ಪು ನನ್ನದು, ಮನೆಯಲ್ಲಿ ಕೂತದ್ದು ಆ ಮಗು.

ಪಕ್ಕದ ಕೋಣೆಯವರು ಐದು ನಿಮಿಷದಲ್ಲಿ ಒಂದು ಹೇಳಿಕೆ ಬರೆದು ತಂದರು: 'ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ.'

"ಇಷ್ಟ್ ಸಾಕು ಮೇಡಂ, ತಣ್ಣಗಾಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನೋವಾಗಿದ್ದಲ್ಲಿ ಅಂದ್ರೇನ್ ಸಾರ್? ಆಗಿದೆ! ಮಾಡಿದ್ದು ನಾನು. ಈ ಮೂಗಿಗೆ ತುಪ್ಪ ಸವರೋ ಕೆಲಸ ನಿಮ್ ಮುಖಂಡರಿಗೇ ಇರ್ಲಿ."

"ವಿಭಾಗದ ಮರ್ಯಾದೆ ನೋಡ್ಬೇಕಲ್ವಾ?"

"ಹೋಗೋದಾದ್ರೆ ನನ್ ಮರ್ಯಾದೆ ಹೋಗ್ಲಿ. ಹುಡುಗಿ ವಾಪಸ್ ಬರ್ಬೇಕು, ಅಷ್ಟೇ."

ಅವರು ಕಾಗದ ಹರಿದು ಬುಟ್ಟಿಗೆ ಹಾಕಿದರು. ಒಳ್ಳೆಯ ಮನುಷ್ಯ, ಹಳೇ ಚಟ ಅವರಿಗೂ ಬಿಟ್ಟಿಲ್ಲ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ ತಪ್ಪೊಪ್ಪಿಗೆ ಹಾಕುತ್ತೇನೆ ಎಂದು ಅಧ್ಯಕ್ಷೆಗೆ ಫೋನಿನಲ್ಲಿ ಹೇಳಿದೆ. "ಹಾಕಿ. ಆದ್ರೆ ನನ್ ಮಾನ ಹೋಗಿದ್ದು ಡೈರಿ ಮುಂದೆ. ಅಲ್ಲಿಗೇ ಬಂದು ಹೇಳಿ" ಎಂದರು. ನ್ಯಾಯವಾದ ಮಾತು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ನಾನೂ ಪಕ್ಕದ ಕೋಣೆಯವರೂ ಅಲ್ಲಿದ್ದೆವು. ಅಧ್ಯಕ್ಷೆ ಬಂದಿದ್ದರು, ಅಪ್ಪನ ಹಿಂದೆ ಹುಡುಗಿಯೂ ನಿಂತಿದ್ದಳು. ಮಂತ್ರಿಗಳನ್ನು ಅಡ್ಡಗಟ್ಟಿ ಪ್ರಶ್ನೆ ಕೇಳುವುದಕ್ಕಿಂತ ಇದು ಕಷ್ಟವಾಗಿತ್ತು. ಹಾಗಂತ ಹಿಂದೆ ಸರಿಯಲು ಬಂದಿರಲಿಲ್ಲವಲ್ಲ! ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದೆ. "ಇದನ್ನ ಈ ಹುಡುಗಿ ಬರ್ದಿದ್ಲು. ಕತ್ತರಿಸಿದ್ದು ನಾನು. ತಪ್ಪಾಯ್ತು" ಎಂದು ಅಧ್ಯಕ್ಷೆಗೆ ಕೈಮುಗಿದೆ. ಅವರು ಹುಡುಗಿಯ ಹತ್ತಿರ ಹೋಗಿ ಭುಜ ಸವರಿದರು.

ಅಪ್ಪ ಹಾಲಿನ ಕ್ಯಾನ್ ಕೆಳಗಿಟ್ಟು ಮಗಳ ಕಡೆ ತಿರುಗಿದರು. "ನೀನೇನಂತೀಯಮ್ಮಾ? ಹೋಗ್ತೀಯಾ?"

ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ಪೆನ್ನು ಹಿಡಿದು ನನ್ನ ಮುಂದೆ ಬಂದಳು.

"ಕತ್ತರಿಸೋ ಮುಂಚೆ ನನ್ನನ್ನ ಒಂದ್ ಮಾತು ಯಾಕ್ ಕೇಳ್ಲಿಲ್ಲ ಮೇಡಂ?"

"ಅಚ್ಚಿಗೆ ಹೋಗೋ ಗಡಿಬಿಡಿ..." ಎಂದು ಸಹೋದ್ಯೋಗಿ ಬಾಯಿ ಹಾಕಿದರು. ಕೈ ಎತ್ತಿ ತಡೆದೆ. ಗಡಿಬಿಡಿಯೇನೂ ಇರಲಿಲ್ಲ. ಆವತ್ತು ಅವಳು ಎರಡು ಬೆಂಚು ಆಚೆಗೇ ಕೂತಿದ್ದಳು.

"ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ ಕಣಮ್ಮಾ."

ಎಲ್ಲರೂ ನೋಡುತ್ತಿದ್ದಂತೆ ಅವಳು ಅದನ್ನು ಬರೆದುಕೊಂಡಳು.

"ನಾಳೆ ಕ್ಲಾಸಿಗೆ ಇದ್ರ ವರದಿ ಬರ್ಕೊಂಡ್ ತರ್ತೀನಿ ಮೇಡಂ. ನಿಮ್ ಈ ಮಾತು ಹಾಗೇ ಅಚ್ಚಾಗ್ಬೇಕು."