ಜರ್ಮನ್ ಕಾರಿಗೆ ಆನೆ ಎದುರಾದದ್ದು

ಗೇರ್‌ಬಾಕ್ಸ್ ಹೋದರೆ ತೋಟದ ಒಂದು ವರ್ಷದ ಕಾಳುಮೆಣಸಿನ ದುಡ್ಡು ಅದಕ್ಕೇ ಹೋಗುತ್ತದೆ. ಕಾರನ್ನು ಗಾಳಿಯ ಮೇಲೆ ಎತ್ತಿಹಿಡಿಯುವ ಏರ್ ಸಸ್ಪೆನ್ಷನ್ ಕೂತರೆ ಕಾರು ಕೆಸರಿಗಿಳಿದ ಎಮ್ಮೆಯ ಹಾಗೆ ಮೇಲೇಳುವುದಿಲ್ಲ. ಬಿಡಿಭಾಗ ಜರ್ಮನಿಯಿಂದ ಬರುವಷ್ಟರಲ್ಲಿ ಕಾಫಿ ಎರಡು ಸಲ ಹೂ ಬಿಟ್ಟಿರುತ್ತದೆ. ಜೇಬಿನಲ್ಲಿರುವ ಕೀಲಿಯ ಸಿಗ್ನಲ್ ಹಿಡಿದು ಬಟನ್ ಒತ್ತಿದರೆ ಸ್ಟಾರ್ಟ್ ಆಗುವ, ಹದಿನಾಲ್ಕು ವರ್ಷ ಹಳೆಯ ಆ ಐಷಾರಾಮಿ ಕಾರು ಕೊಂಡಾಗಿನಿಂದ ಇಂಥದ್ದನ್ನೇ ನೆನೆದು ಸೊರಗಿದ್ದೆ. ಆನೆಯ ಬಗ್ಗೆ ಚಿಂತಿಸಲು ಬಿಡುವೇ ಇರಲಿಲ್ಲ.

ಒಂದು ಬೆಳಗ್ಗೆ ಗೋಣಿಬೀಡಿನ ಹತ್ತಿರ, ತಿರುವಿನಲ್ಲಿ ಒಂಟಿ ಸಲಗ ನಿಂತಿತ್ತು. ದೂರದಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಉಸಿರು ಬಿಗಿಹಿಡಿದು ಕೂರುವುದು ನಮ್ಮ ತೋಟದವರ ರೂಢಿ. ಹಾಗೇ ಮಾಡಿದೆ. ಅದು ಕಿವಿ ಅಗಲಿಸಿ ನಮ್ಮ ಮೇಲೇ ನುಗ್ಗಿತು.

"ಸ್ಟಾರ್ಟ್ ಮಾಡಿ ಮಾರಾಯ್ರೆ!" ಪಕ್ಕದಲ್ಲಿದ್ದ ಹೆಂಡತಿ ಕಿರುಚಿದಳು.

ಬಟನ್ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಎಂಜಿನ್ ಮಿಸುಕಲಿಲ್ಲ.

ದಂತ ಬಾನೆಟ್ಟನ್ನು ಸೀಳಿತು. ಮುಂದಿನ ಗಾಜು ಸಿಡಿದು ಅವಳ ಹಣೆಯಿಂದ ರಕ್ತ ಸುರಿಯಿತು. ಆನೆ ತಲೆಕೊಟ್ಟು ನೂಕಿದ ರಭಸಕ್ಕೆ ಕಾರು ಚರಂಡಿಗೆ ಬಿತ್ತು. "ಪೇಂಟ್ ಹೋಯ್ತಲ್ಲೇ!" ಅಂದೆನಂತೆ ನಾನು. ಆ ಮಾತಿಗೆ ಅವಳಿಂದ ಇವತ್ತಿಗೂ ಕ್ಷಮೆ ಸಿಕ್ಕಿಲ್ಲ. ಪಕ್ಕದ ಎಸ್ಟೇಟಿನವರು ಓಡಿಬಂದು ಪಟಾಕಿ ಸಿಡಿಸಿದ ಮೇಲೆ ಆನೆ ಕಾಡಿಗೆ ತಿರುಗಿತು.

ಅವಳ ಹಣೆಗೆ ಆರು ಹೊಲಿಗೆ ಬಿದ್ದವು. ಜಜ್ಜಿಹೋದ ಕಾರನ್ನು ಮೆಕ್ಯಾನಿಕ್ ಎರಡು ದಿನ ತಡಕಾಡಿ, "ಎಂಜಿನ್ ಕಲ್ಲಿನ ಹಾಗಿದೆ ಸಾರ್. ಅವತ್ತು ಕೈಕೊಟ್ಟಿದ್ದು ಇದೊಂದೇ," ಎಂದು ಕೀಲಿಯೊಳಗಿಂದ ತೆಗೆದ, ಅಂಗಿ ಗುಂಡಿಯಷ್ಟಿದ್ದ ಖಾಲಿ ಸೆಲ್ಲನ್ನು ನನ್ನ ಅಂಗೈ ಮೇಲಿಟ್ಟ.